ಅದು ನನ್ನ ಅಳು

"ಇನ್ನೊಂದು ಸಲ ಮಾಡೋಣ. ನೀವು ಅಳೋರ ಥರ ಸದ್ದು ಮಾಡ್ತಿದ್ದೀರಿ, ಅಳು ಮಾತ್ರ ಬರ್ತಿಲ್ಲ."

ಹೆಡ್‌ಫೋನಿನಲ್ಲಿ ಈ ಮಾತು ಬಿದ್ದದ್ದೇ ತಡ, ಅವಳ ಕಿವಿ ಕಾದು ಕೆಂಪಾಯಿತು. ಗಾಜಿನ ಆಚೆ ಹೊಸ ಸೌಂಡ್ ಇಂಜಿನಿಯರ್ ಕೂತಿದ್ದ. ಬೆಳಿಗ್ಗೆಯಷ್ಟೇ ಕೆಲಸಕ್ಕೆ ಸೇರಿದ ಮನುಷ್ಯ... ಇವನಿಗೆಷ್ಟು ಸೊಕ್ಕು ಅಂದುಕೊಂಡಳು.

ಆ ಸ್ಟುಡಿಯೋದಲ್ಲಿ ಅವಳು ಧ್ವನಿ ಕಲಾವಿದೆ. ಹಾಗಂತ ಹೇಳಿಕೊಳ್ಳುವುದಕ್ಕಷ್ಟೇ. ರೇಡಿಯೋ ನಾಟಕವಿರಲಿ, ಡಬ್ಬಿಂಗ್ ಸಿನಿಮಾ ಇರಲಿ, ಮಾರ್ಕೆಟ್ಟಿನ ಗಲಾಟೆ, ಪಕ್ಕದ ಮನೆಯ ಜಗಳ, ಹೆರಿಗೆಯ ನರಳಾಟ, ಹೆಣದ ಮುಂದಿನ ಗೋಳು, ಎಲ್ಲಾ ಅವಳೇ. ಒಬ್ಬಳೇ ಹತ್ತು ಹೆಂಗಸರಾಗುತ್ತಾಳೆ ಅಂತ ಎಲ್ಲರೂ ಅವಳನ್ನು ಗುಂಪಮ್ಮ ಅಂತಲೇ ಕರೆಯುತ್ತಿದ್ದರು. ಕರೆದಾಗ ಅವಳೂ ನಗುತ್ತಿದ್ದಳು. ನಗದೆ ಇನ್ನೇನು ಮಾಡೋದು...

ಆವತ್ತು ಮಾತ್ರ ನಗು ಬರಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದಳು.

"ಹಾಳೆಯಲ್ಲಿ 'ಹೆಂಗಸು ಅಳುತ್ತಾಳೆ' ಅಂತ ಇದೆ. ಯಾವ ಹೆಂಗಸು, ಯಾಕೆ ಅಳ್ತಾಳೆ, ಒಂದೂ ಇಲ್ಲ. ಅಳು ಬೇಕಾದ್ರೆ ಕಾರಣ ಕೊಡಿ ಸಾರ್. ಪುಕ್ಕಟೆ ಅಳೋಕೆ ನನ್ನ ಕೈಲಾಗಲ್ಲ."

ಅವನು ಎದ್ದ. ಕೆಲಸ ಹೋಯ್ತು ಅಂತಲೇ ಅವಳು ಅಂದುಕೊಂಡಳು. ಆದರೆ ಅವನು ಬಾಗಿಲು ತಳ್ಳಿಕೊಂಡು ಒಳಗೆ ಬಂದು, ಸ್ಟೂಲ್ ಎಳೆದು ಎದುರಿಗೆ ಕೂತ. ಆ ಹೆಂಗಸು ಬೆಳಿಗ್ಗೆ ಗಂಡನ ಜೊತೆ ಜಗಳ ಆಡಿದ್ದಳಂತೆ. ಗಂಡ ಹೊರಡುವಾಗ ಬಾಗಿಲಲ್ಲಿ ನಿಂತು ಹೆಂಡತಿ ಕರೀತಾಳೇನೋ ಅಂತ ಕಾದನಂತೆ. ಆಕೆ ಕರೆಯಲಿಲ್ಲ. ಮಧ್ಯಾಹ್ನ ಅವನ ಹೆಣ ಬಂತು. ಇಷ್ಟು ಹೇಳಿ ಇಂಜಿನಿಯರ್ ಮತ್ತೆ ತನ್ನ ಜಾಗಕ್ಕೆ ಹೋದ.

ಈ ಸಲ ಅವಳ ಗಂಟಲಿಂದ ಹೊರಟದ್ದು ಅವಳಿಗೇ ಗುರುತು ಸಿಗಲಿಲ್ಲ. ಮುಗಿದ ಮೇಲೆ ಗಾಜಿನ ಆಚೆ ನೋಡಿದರೆ, ಅವನು ರೆಕಾರ್ಡಿಂಗ್ ನಿಲ್ಲಿಸುವುದನ್ನೇ ಮರೆತು ಕೂತಿದ್ದ.

ಅಲ್ಲಿಂದ ಶುರುವಾಯಿತು...

ಏನು ಶುರುವಾಯಿತು ಅಂತ ಇಬ್ಬರೂ ಹೆಸರಿಡಲಿಲ್ಲ. ಬಿಡುವಿನಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಅವನು ಬಸ್ಸಿನ ಬ್ರೇಕು, ಲಿಫ್ಟಿನ ಬಾಗಿಲು, ಮುದುಕರ ಕೆಮ್ಮು, ಎಲ್ಲಾ ಸದ್ದುಗಳ ಬಗ್ಗೆ ಮಾತಾಡುತ್ತಿದ್ದ. ಗುಂಪಮ್ಮ ಅಂತ ಅವನು ಒಮ್ಮೆಯೂ ಕರೆಯಲಿಲ್ಲ. ಅವಳು ಮನೆಗೆ ಹೋಗಿ ಅಕ್ಕನಿಗೆ ಅವನ ಮಾತುಗಳನ್ನೆಲ್ಲ ಒಪ್ಪಿಸುತ್ತಿದ್ದಳು. ಅಕ್ಕನದು ಮನೆಯ ಕೆಳಗೇ ಒಂದು ಲಾಂಡ್ರಿ ಅಂಗಡಿ. ಅಕ್ಕ ಇಸ್ತ್ರಿಯಿಂದ ಕಣ್ಣೆತ್ತದೆ, ಇಷ್ಟೊಂದು ಸದ್ದು ಮಾಡೋನು ಮುಖ್ಯವಾದ ಮಾತು ಯಾವಾಗ ಆಡ್ತಾನೆ ಅಂತ ಕೇಳುತ್ತಿದ್ದಳು.

ಆಗಲೇ ಬಂತು ಆ ಕಾದಂಬರಿ.

ಅಜ್ಜಿಯರ ಕಾಲದ ಪುಸ್ತಕ. ತಲೆಮಾರುಗಳಿಂದ ಹೆಣ್ಣುಮಕ್ಕಳು ಓದಿ ಕಣ್ಣೊರೆಸಿಕೊಂಡದ್ದು. ಗಂಡನ ಮನಸ್ಸು ತನ್ನ ಗೆಳತಿಯ ಕಡೆ ವಾಲಿದ್ದನ್ನು ಕಂಡು ಒಳಗೇ ಉರಿದು, ಕೊನೆಗೆ ತಾನು ಯಾರು ಅಂತ ತಾನೇ ಕಂಡುಕೊಳ್ಳುವ ಹೆಂಗಸಿನ ಕಥೆ. ಸ್ಟುಡಿಯೋ ಅದನ್ನು ಧ್ವನಿ ನಾಟಕ ಮಾಡಲು ಹೊರಟಿತ್ತು. ನಮ್ಮ ಹುಡುಗಿಗೆ ಆ ಪುಸ್ತಕ ಬಾಯಿಪಾಠ. ಆ ನಾಯಕಿಯ ಪಾತ್ರಕ್ಕೆ ಅವಳ ಜೀವ ಹಪಹಪಿಸಿತು. ಆದರೆ ಬಾಯಿಬಿಟ್ಟು ಕೇಳಲಿಲ್ಲ. ಕೇಳೋದು ಹೇಗೆ? ಗುಂಪಮ್ಮ ನಾಯಕಿಯಾಗ್ತೀನಿ ಅಂದರೆ ಜನ ನಗಲ್ವಾ?

ಪಾತ್ರ ಒಬ್ಬ ಸಿನಿಮಾ ನಟಿಗೆ ಹೋಯಿತು. ಇವಳಿಗೆ ಕೆಲಸದವಳ ಪಾತ್ರ, ಪಕ್ಕದ ಮನೆಯವಳ ಪಾತ್ರ. ಜೊತೆಗೆ, ನಟಿ ಬರುವ ಮುಂಚೆ ಉಳಿದವರಿಗೆ ಅಂದಾಜು ಸಿಗಲಿ ಅಂತ ನಾಯಕಿಯ ಭಾಗವನ್ನು ಟ್ರ್ಯಾಕ್ ಓದಿಕೊಡುವ ಕೆಲಸ. ಆಮೇಲೆ ಅಳಿಸಿ ಹಾಕುವ ಓದು ಅದು. ಆದರೂ ಅವಳು ಪ್ರಾಣ ಇಟ್ಟು ಓದಿದಳು. ಅಳಿಸೋದಾದರೇನು, ಒಂದು ಮಧ್ಯಾಹ್ನವಾದರೂ ಆ ಹೆಂಗಸು ತಾನಾಗಿರಬಹುದಲ್ಲ...

ನಟಿ ಬಂದಳು. ಬೆಳ್ಳಗೆ, ಎತ್ತರಕ್ಕೆ, ಎಲ್ಲರ ಹೆಸರನ್ನೂ ಕೇಳಿ ತಿಳಿದುಕೊಂಡು ಮಾತಾಡಿಸುವಾಕೆ. ದ್ವೇಷಿಸಲು ಒಂದು ಕಾರಣವನ್ನೂ ಕೊಡದವಳು. ಅದೇ ಇವಳಿಗೆ ಹೆಚ್ಚು ಚುಚ್ಚಿತು.

ಸಂಜೆ ಎಲ್ಲರೂ ಹೋದ ಮೇಲೂ ನಟಿ, ಇಂಜಿನಿಯರ್ ಇಬ್ಬರೇ ಕೂತು ಕೆಲಸ ಮಾಡುತ್ತಿದ್ದರು. ದಪ್ಪ ಗಾಜು. ಸದ್ದು ಆಚೆ ಬರುತ್ತಿರಲಿಲ್ಲ. ಅವನು ಬಗ್ಗಿ ಏನೋ ಹೇಳುವುದು, ಆಕೆ ತಲೆ ಹಿಂದಕ್ಕೆಸೆದು ನಗುವುದು... ಕಾಣುತ್ತಿತ್ತಷ್ಟೇ. ಇವಳು ಬ್ಯಾಗು ಹೆಗಲಿಗೆ ಹಾಕಿಕೊಂಡರೂ ಹೊರಡದೆ ಅಲ್ಲೇ ನಿಂತು ನೋಡುತ್ತಿದ್ದಳು.

ಮೆಟ್ಟಿಲ ಮೇಲೆ ಟೀ ನಿಂತುಹೋಯಿತು. ಏನಾಯ್ತು ಅಂತ ಅವನು ಕೇಳಿದ. ಏನೂ ಇಲ್ಲ ಅಂದಳು. ಮತ್ತೆ ಕೇಳಿದ. ತಲೆನೋವು ಅಂದಳು. ಅವನು ಕೇಳುವುದನ್ನು ಬಿಟ್ಟ.

ರೆಕಾರ್ಡಿಂಗ್ ಮುಗಿದ ಮೇಲೆ ಮಾಲೀಕರು ಎಲ್ಲರನ್ನೂ ಕೂರಿಸಿ ನಾಟಕದ ಮುಖ್ಯ ದೃಶ್ಯ ಕೇಳಿಸಿದರು. ನಾಯಕಿ ಒಂಟಿಯಾಗಿ ಕೋಣೆಯಲ್ಲಿ ನಿಂತಿದ್ದಾಳೆ. ಗೆಳತಿ ಮರೆತು ಹೋದ ಶಾಲು ಕೈಯಲ್ಲಿದೆ. ಮಾತು ನಟಿಯದು, ಚೆನ್ನಾಗಿತ್ತು. ಆಮೇಲೆ ಅಳು ಬಂತು.

ಇವಳ ಬೆನ್ನು ನೆಟ್ಟಗಾಯಿತು.

ಉಸಿರು ಒಳಗೆ ಹೋಗುವಾಗ ಒಂದು ಕ್ಷಣ ಸಿಕ್ಕಿಹಾಕಿಕೊಳ್ಳುವುದು, ಆಮೇಲೆ ಒಮ್ಮೆಗೇ ಕಟ್ಟೆಯೊಡೆಯುವುದು... ತನ್ನ ಅಳು ತನಗೆ ಗೊತ್ತಾಗಲ್ವಾ?

ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಅಳು ತಮ್ಮ ಸ್ಟುಡಿಯೋದಲ್ಲಿ ಹಿಂದೆಂದೂ ಆಗಿರಲಿಲ್ಲ ಅಂತ ಮಾಲೀಕರು ನಟಿಯನ್ನು ಹೊಗಳಿದರು. ನಟಿ ಸಂಕೋಚದಿಂದ ನಕ್ಕಳು.

ಇವಳು ಎದ್ದು ನಿಂತಳು.

"ಅದು ನನ್ನ ಅಳು."

ಮಾಲೀಕರು ತಮಾಷೆ ಅಂದುಕೊಂಡು ನಕ್ಕರು. ಅವಳು ನಗಲಿಲ್ಲ. ಅದು ತನ್ನ ಟ್ರ್ಯಾಕ್ ಓದು, ಬೇಕಾದರೆ ಇಂಜಿನಿಯರನ್ನು ಕೇಳಿ ಅಂದಳು. ಎಲ್ಲರ ಮುಖವೂ ಅವನ ಕಡೆ ತಿರುಗಿತು.

ಅವನು ಬಾಯಿ ತೆರೆದ. ಮಾಲೀಕರ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

ಆ ಒಂದು ಕ್ಷಣ ಸಾಕಾಗಿತ್ತು. ಬ್ಯಾಗು ಹೆಗಲಿಗೇರಿಸಿ ಅವಳು ಹೊರಟುಬಿಟ್ಟಳು.

ಅಕ್ಕ ಹೆಚ್ಚು ಕೆದಕಲಿಲ್ಲ. ಯಾರದೋ ಅಂಗಿಗಳ ರಾಶಿಯನ್ನು ಮುಂದೆ ಹಾಕಿ, ಕೈಗೆ ಕೆಲಸ ಕೊಟ್ಟರೆ ತಲೆ ತಣ್ಣಗಾಗುತ್ತೆ ಅಂದಳು. ಮರುದಿನ ಬೆಳಿಗ್ಗೆ ಅವಳು ಇಸ್ತ್ರಿ ಹಿಡಿದು ಒಂದು ಕಾಲರಿನ ಜೊತೆ ಗುದ್ದಾಡುತ್ತಿರುವಾಗ ಅಂಗಡಿ ಬಾಗಿಲಲ್ಲಿ ಅವನು ಬಂದು ನಿಂತ. ನಿದ್ದೆಗೆಟ್ಟ ಕಣ್ಣು, ನಿನ್ನೆಯದೇ ಅಂಗಿ. ಅಕ್ಕ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಗೆಯುವ ಬಟ್ಟೆ ಎತ್ತಿಕೊಂಡು ಹಿಂದಕ್ಕೆ ಹೋದಳು.

ಆ ದೃಶ್ಯದಲ್ಲಿ ನಟಿಯ ಗಂಟಲು ಕಟ್ಟಿತ್ತು, ಎಷ್ಟು ಸಲ ಮಾಡಿಸಿದರೂ ಆಗಲಿಲ್ಲ ಅಂದ. ದಿನಗಟ್ಟಲೆ ಕೂತದ್ದು ಅದಕ್ಕೇ ಅಂದ. ಕೊನೆಗೆ ಇವಳ ಓದನ್ನು ಹಾಕಿ ನೋಡಿದಾಗ ಮೈ ಜುಮ್ಮೆಂದಿತು, ಅಳಿಸಲು ಕೈ ಬರಲಿಲ್ಲ ಅಂದ. ಗಂಟಲು ಸರಿಹೋದ ಮೇಲೆ ಮತ್ತೆ ಮಾಡಿಸಿದ ಟೇಕಿನಲ್ಲೂ ಅಳು ಸಪ್ಪೆಯಾಗಿತ್ತು, ಆದರೆ ಅದನ್ನೇ ಹಾಕಿದ್ದು ಅಂತ ನಟಿ ನಂಬಿದ್ದಾಳೆ, ಆಕೆಗೂ ನಿಜ ಹೇಳಿಲ್ಲ ಅಂತ ಒಪ್ಪಿಕೊಂಡ.

"ಅಷ್ಟು ಚೆಂದದ್ದು ಕಸಕ್ಕೆ ಹೋಗಬಾರದು ಅನ್ನಿಸ್ತು. ಜನ ಕೇಳಲಿ ಅಂತ... ನಿಮಗೂ ಖುಷಿ ಆಗುತ್ತೆ ಅಂದುಕೊಂಡೆ."

"ನನ್ನ ಅಳು, ಅವರ ಹೆಸರು. ಇದರಲ್ಲಿ ನನಗೆ ಖುಷಿ ಎಲ್ಲಿಂದ ಬರ್ಬೇಕು?"

ಅವನು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, ಅವರ ಮೇಲೆ ಸಿಟ್ಟಿತ್ತಾ, ಅದಕ್ಕೇ ನನ್ನ ಜೊತೆ ಮಾತು ಬಿಟ್ಟಿರಾ ಅಂತ ಕೇಳಿದ.

ಏನೂ ಇಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಿಕ್ಕಂದಿನಿಂದ ರೂಢಿಯಾದ ಮಾತು. ಅಪ್ಪ ಅಕ್ಕನಿಗೆ ಮಾತ್ರ ಬಳೆ ತಂದಾಗಲೂ, ಶಾಲೆಯ ನಾಟಕದಲ್ಲಿ ಮರವಾಗಿ ನಿಲ್ಲಿಸಿದಾಗಲೂ ಹೇಳಿದ್ದು ಅದನ್ನೇ. ಅವಳು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದಳು.

"ಹೊಟ್ಟೆಕಿಚ್ಚು ಪಟ್ಟೆ. ಹೌದು. ನೀವಿಬ್ಬರೂ ನಗೋದನ್ನ ನೋಡಿ ಸುಟ್ಟುಹೋದೆ. ನೀವು ಕೈ ತಪ್ಪಿ ಹೋಗ್ತೀರ ಅಂತ ಉರೀತಿದ್ದೀನಿ ಅಂದ್ಕೊಂಡಿದ್ದೆ. ನಿನ್ನೆ ಮನೆಗೆ ನಡ್ಕೊಂಡು ಬರ್ತಾ ಗೊತ್ತಾಯ್ತು. ನೀವು ಹೋದ್ರೆ ನನಗೆ ಸಂಕಟ ಆಗುತ್ತೆ, ಅಳ್ತೀನಿ. ಆದ್ರೆ ಉರಿದಿದ್ದು ಆ ಪಾತ್ರಕ್ಕೆ. ಆ ಮೈಕ್ ಮುಂದೆ ನಿಲ್ಲಬೇಕು ಅಂತ ನನಗೆ ಅಷ್ಟು ಆಸೆ ಇತ್ತು, ನನಗೇ ಗೊತ್ತಿರ್ಲಿಲ್ಲ."

ಅವನು ಏನೋ ಹೇಳಲು ಹೊರಟ. ಅವಳು ಕೈಯೆತ್ತಿ ತಡೆದಳು.

"ನಿನ್ನೆ ಮಾತಾಡಬೇಕಿತ್ತು ನೀವು. ಈಗ ಹೋಗಿ."

ಅವನು ಹೋದ. ಅವಳು ಗೋಡೆಗೊರಗಿ ಒಂದಿಷ್ಟು ಹೊತ್ತು ಅತ್ತಳು, ಯಾರಿಗೂ ಕೇಳಿಸದ ಹಾಗೆ. ಆಮೇಲೆ ಮುಖ ತೊಳೆದು, ಒಳ್ಳೆಯ ಬಟ್ಟೆ ಉಟ್ಟು ಸ್ಟುಡಿಯೋಗೆ ಹೊರಟಳು.

ಮಾಲೀಕರ ಕೋಣೆಯಲ್ಲಿ ನಟಿಯೂ ಇದ್ದಳು. ಇವಳು ಕೂರಲಿಲ್ಲ. ಒಂದೋ ಆ ಅಳು ತೆಗೆಯಿರಿ, ಇಲ್ಲವೇ ನನ್ನ ಹೆಸರು ಹಾಕಿ ಅಂದಳು. ಮಾಲೀಕರು ಕೆಟ್ಟವರೇನಲ್ಲ, ಆದರೆ ಕೆಲಸ ಕೆಡುವುದು ಅವರಿಗೆ ಸೇರದು. ಮೊದಲು ಸಮಾಧಾನ ಹೇಳಿದರು, ಆಮೇಲೆ ನಿನ್ನ ಕೆಲಸಕ್ಕೆ ಸಂಬಳ ಕೊಟ್ಟಿದ್ದೀನಿ ಅಂದರು, ಕೊನೆಗೆ ನಿನ್ನ ಜಾಗಕ್ಕೆ ಎಷ್ಟೋ ಜನ ಕಾದಿದ್ದಾರೆ ಅಂತ ಗದರಿದರು.

"ಕರೆಸಿ ಸಾರ್. ಗುಂಪಿಗೆ ಯಾರಾದ್ರೂ ಸಿಗ್ತಾರೆ. ನಾನು ಇನ್ಮೇಲೆ ಗುಂಪಲ್ಲಿ ನಿಲ್ಲಲ್ಲ."

ಆಗ ನಟಿ ಬಾಯಿಬಿಟ್ಟಳು. ಹೊಗಳಿಕೆ ಕೇಳುವಾಗಲೇ ಅದು ತನ್ನದಲ್ಲ ಅಂತ ಅನುಮಾನ ಬಂದಿತ್ತಂತೆ. ಆದರೂ ಸುಮ್ಮನಿದ್ದಳಂತೆ. ಅದನ್ನು ಹೇಳುವಾಗ ಆಕೆಯ ಕೆನ್ನೆ ಕೆಂಪಾಯಿತು.

"ಅಳೋಕೆ ಬರದೇ ಇದ್ರೆ ಬರಲ್ಲ ಅಂತ ಜನ ಅಂದ್ಕೊಳ್ಳಲಿ. ಇನ್ನೊಬ್ಬರ ಕಣ್ಣೀರಲ್ಲಿ ನಾನು ಮುಖ ತೊಳೆಯಲ್ಲ. ಅದನ್ನ ತೆಗೆಸಿ, ನಾನೇ ಮತ್ತೆ ಮಾಡ್ತೀನಿ."

ಹಾಗೇ ಆಯಿತು. ನಟಿ ಆ ದೃಶ್ಯವನ್ನು ಮತ್ತೆ ಮಾಡಿದಳು, ಅಳದೆ, ಒಣಗಿದ ದನಿಯಲ್ಲಿ. ಅದೂ ಚೆನ್ನಾಗಿತ್ತಂತೆ. ನಮ್ಮ ಹುಡುಗಿ ಅದನ್ನು ಕೇಳಲಿಲ್ಲ. ಅವಳಿಗೆ ಆ ಸ್ಟುಡಿಯೋದ ಬಾಗಿಲು ಮುಚ್ಚಿತ್ತು.

ಆಮೇಲಿನ ದಿನಗಳು ಸುಲಭದವಲ್ಲ. ಬೆಳಿಗ್ಗೆ ಲಾಂಡ್ರಿ, ಮಧ್ಯಾಹ್ನ ಪಾತ್ರ ಹುಡುಕಾಟ. ಒಂದು ನಾಟಕ ತಂಡ ದನಿ ಕೇಳಿದ್ದೇ ಗುಂಪಿನಲ್ಲಿ ನಿಲ್ಲು ಅಂದಿತು. ಬೇಡ ಅಂದು ಬಂದಳು. ಇನ್ನೊಂದು ಕಡೆ ಮುಖ ಸಾಲದು ಅಂದರು. ಮನೆಗೆ ಬಂದು ಬಾಗಿಲು ಧಡಾರನೆ ಹಾಕಿಕೊಂಡಳು. ಅಕ್ಕ ಊಟ ಬಡಿಸಿದಳು.

ಕೊನೆಗೆ ಹಳೆಯ ಗೋದಾಮಿನಲ್ಲಿ ಅಭ್ಯಾಸ ಮಾಡುವ ಒಂದು ಸಣ್ಣ ತಂಡ ಅವಳಿಗೆ ಓದಲು ಹಾಳೆ ಕೊಟ್ಟಿತು. ಹೊಸ ನಾಟಕ. ಗಂಡನ ಜೊತೆ ಜಟಾಪಟಿಗಿಳಿದು ಹೋಟೆಲ್ ನಡೆಸುವ ಜೋರು ಬಾಯಿಯ ಹೆಂಗಸು ನಾಯಕಿ. ಅವಳು ಎರಡು ಪುಟ ಓದುವಷ್ಟರಲ್ಲಿ ನಿರ್ದೇಶಕಿ ಕನ್ನಡಕ ತೆಗೆದು, ನಾಳೆಯಿಂದ ಬಾಮ್ಮ ಅಂದರು. ಅವಳು ಬಸ್ಸಿಗೂ ಕಾಯದೆ ಮನೆತನಕ ಹೆಚ್ಚುಕಮ್ಮಿ ಓಡಿಕೊಂಡೇ ಬಂದಳು.

ನಾಟಕ ಹತ್ತಿರವಾದಾಗ ಒಂದು ಸಂಜೆ, ಅಭ್ಯಾಸದ ನಡುವೆ ಕಣ್ಣು ಹಾಯಿಸಿದರೆ ಹಿಂದಿನ ಬೆಂಚಿನಲ್ಲಿ ಅವನು ಕೂತಿದ್ದ. ಅವಳ ಮಾತು ತಡವರಿಸಲಿಲ್ಲ. ದೃಶ್ಯ ಮುಗಿಸಿ, ಸೆರಗಿನಿಂದ ಬೆವರೊರೆಸಿಕೊಂಡು ಅವನ ಹತ್ತಿರ ಹೋದಳು.

ಅವನು ಎದ್ದು ನಿಂತ. ಅವಳು ಕೆಲಸ ಬಿಟ್ಟು ಹೋದ ದಿನವೇ ಸ್ಟುಡಿಯೋದಲ್ಲಿ ಎಲ್ಲರ ಎದುರು ನಿಂತು, ಅಳು ಯಾರದು, ಅದನ್ನು ಸೇರಿಸಿದ್ದು ಯಾರು ಅಂತ ಹೇಳಿದನಂತೆ. ಮಾಲೀಕರು ಬೈದರಂತೆ, ಕೆಲಸದಿಂದ ತೆಗೆಯಲಿಲ್ಲವಂತೆ. ಅವಳಿಗೆ ಮುಖ ತೋರಿಸಲು ಮಾತ್ರ ಇಷ್ಟು ದಿನ ಧೈರ್ಯ ಬಂದಿರಲಿಲ್ಲ ಅಂದ.

"ಆ ಕ್ಷಣದಲ್ಲಿ ಹೆದರಿಬಿಟ್ಟೆ. ಅದಕ್ಕೆ ಬೇರೆ ನೆಪ ಇಲ್ಲ."

ಅವಳು ಅವನನ್ನೇ ದಿಟ್ಟಿಸಿದಳು. ಸಿಟ್ಟು ಹುಡುಕಿದಳು. ಒಂದಿಷ್ಟು ಉಳಿದಿತ್ತು. ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು, ಅಳಿಸಿದರೂ ಹೋಗದೆ.

"ಒಂದು ಮಾತು ಹೇಳ್ಬಿಡ್ತೀನಿ. ನೀವು ಹೇಳಲಿ ಅಂತ ಕಾಯೋ ತಾಳ್ಮೆ ನನಗಿಲ್ಲ. ನೀವಂದ್ರೆ ನನಗೆ ಇಷ್ಟ. ಆದ್ರೆ ನಾಟಕ ಬಿಡಲ್ಲ, ಜೋರು ಬಾಯಿ ಬಿಡಲ್ಲ, ಹೊಟ್ಟೆಕಿಚ್ಚಾದ್ರೆ ಮುಚ್ಚಿಡೋದೂ ಇಲ್ಲ. ಒಪ್ಪಿಗೆ ಆಗದಿದ್ರೆ ಈಗಲೇ ಹೇಳಿ."

ಅವನು ರಂಗದ ಕಡೆ ಗದ್ದ ಎತ್ತಿ ತೋರಿಸಿದ.

"ಆ ಗಂಡನ ಪಾತ್ರದವನು ಪ್ರತಿ ದೃಶ್ಯದಲ್ಲೂ ನಿಮ್ಮ ಕೈ ಹಿಡೀಲೇಬೇಕಾ?"

ಅವಳಿಗೆ ನಗು ತಡೆಯಲಾಗಲಿಲ್ಲ. ಗೋದಾಮಿನ ತಗಡಿನ ಮಾಡು ಗಲ್ಲೆನ್ನುವಷ್ಟು ನಕ್ಕಳು. ಅವನೂ ನಕ್ಕ, ಮೊದಲು ನಾಚಿಕೆಯಿಂದ, ಆಮೇಲೆ ಪೂರ್ತಿಯಾಗಿ.

ಹೊರಗೆ ಬೀದಿದೀಪಗಳು ಹೊತ್ತಿಕೊಳ್ಳುತ್ತಿದ್ದವು. ಅವಳು ಬ್ಯಾಗು ತಂದು ಹೆಗಲಿಗೆ ಹಾಕಿಕೊಂಡಳು.

"ಮನೆತನಕ ನಡ್ಕೊಂಡು ಬರ್ತೀಯಾ?"

ಅವನು ಹೆಜ್ಜೆ ಎತ್ತಿದವನು ನಿಂತುಬಿಟ್ಟ. "ಏನಂದ್ರಿ?"

"ಕೇಳಿಸ್ತಲ್ಲ. ಕಿವಿನೇ ಬಂಡವಾಳ ಮಾಡ್ಕೊಂಡೋನಿಗೆ ಎರಡೆರಡು ಸಲ ಹೇಳ್ಬೇಕಾ?"

"ಹೇಳು," ಅಂದ ಅವನು ಮೆಲ್ಲಗೆ. "ಇನ್ನೊಂದು ಸಲ ಹೇಳು."

"ಬರ್ತೀಯಾ?"

"ಬರ್ತೀನಿ."