ಸಡಿಲಿಸಿದ ತಂತಿಗಳು

ಸಂಜೆಯ ಕಛೇರಿಗೆ ಇನ್ನೊಂದೇ ಗಂಟೆ ಇತ್ತು. ಕಲಿಕೋಳ ಗಿಟಾರು ಮಾತ್ರ ಮಾಯವಾಗಿತ್ತು.

ಹೋಟೆಲುಗಳಲ್ಲಿ ಉಣ್ಣುವವರ ಬೆನ್ನಿಗೆ ಹಾಡುತ್ತಲೇ ಇಪ್ಪತ್ತು ವರ್ಷ ಸವೆಸಿದವಳು ಅವಳು. ತಾನೇ ಕಟ್ಟಿದ ಹಾಡೊಂದು ಈ ವರ್ಷ ಹವಾಯಿ ದ್ವೀಪಗಳಲ್ಲೆಲ್ಲ ಮನೆಮಾತಾಗಿತ್ತು. ಹೀಲೋ ಊರಿನ ಸಭಾಂಗಣ ಮೊದಲ ಸಲ ಅವಳ ಹೆಸರಿಗೇ ತುಂಬುತ್ತಿತ್ತು.

"ತಾತನ ಗಿಟಾರಿಲ್ದೆ ನಾನು ಹಾಡಲ್ಲ, ಆಂಟಿ. ಜನರನ್ನ ವಾಪಸ್ ಕಳಿಸ್ಬಿಡಿ," ಎಂದು ಬಿಕ್ಕಿದಳು.

ಆಂಟಿ ಎಂದರೆ ಮಾಪುವಾನಾ. ಪೊಲೀಸ್ ಕೆಲಸ ಮುಗಿಸಿ ಈಗ ಸಭಾಂಗಣದ ಬಾಗಿಲಲ್ಲಿ ಹೂಮಾಲೆ ಮಾರುತ್ತಾಳೆ. ಅಲ್ಲಿ ಏನು ಕಳೆದರೂ ಹುಡುಕಿಕೊಡುವವಳು ಅವಳೇ. ಟಿಕೆಟ್ ಹರಿಯುವ ನೋಹೇಯಾ ಸದಾ ಅವಳ ಬೆನ್ನಿಗೇ ಇರುತ್ತಾಳೆ.

"ಈ ಇನ್ನೊಂದು ಗಿಟಾರು?" ಎಂದಳು ಮಾಪುವಾನಾ, ಮೂಲೆಯಲ್ಲಿದ್ದುದನ್ನು ಎತ್ತಿ. ಅದರ ತಂತಿಗಳೆಲ್ಲ ಜೋಲುತ್ತಿದ್ದವು.

"ಇದನ್ನೂ ತಾತ ಕಟ್ಟಿದ ನಮ್ಮನೆ ಶ್ರುತಿಗೇ ಕೂಡಿಸಿಟ್ಟಿದ್ದೆ. ಯಾರೋ ಹೊಟ್ಟೆಕಿಚ್ಚಿಗೆ ಕೆಡಿಸಿದ್ದಾರೆ."

ವೇದಿಕೆಯ ಹಿಂದಿನ ಅವಳ ಕೋಣೆಗೆ ಅಂದು ಬಂದಿದ್ದವರು ಮೂವರು. ನೋಹೇಯಾಳಿಗೆ ಮೂವರ ಮೇಲೂ ಗುಮಾನಿ. ಮ್ಯಾನೇಜರ್ ಲೋವೆಲ್ ಕಳವಿನ ಸುದ್ದಿ ಕೊಡಲು ಪತ್ರಿಕೆಯವರಿಗೆ ಆಗಲೇ ಫೋನು ಹಚ್ಚಿದ್ದ. ಡ್ರಮ್ ಬಾರಿಸುವ ಹೈರಮ್ ಸುಮ್ಮಸುಮ್ಮನೆ ಬೆವರುತ್ತಿದ್ದ. ಕಲಿಕೋಳ ಚಿಕ್ಕಪ್ಪ ಐಕಾಕ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ನಾನು ಗಿಟಾರು ಮುಟ್ಟಿ ಮೂವತ್ತು ವರ್ಷ ಆಯ್ತಮ್ಮ," ಎಂದ ಮುದುಕ.

ಮಾಪುವಾನಾ ಆ ಗಿಟಾರನ್ನು ಕಲಿಕೋಳಿಂದ ಮತ್ತೆ ಶ್ರುತಿ ಮಾಡಿಸಿ, ಮೂವರನ್ನೂ ಕೂರಿಸಿದಳು. "ಒಬ್ಬೊಬ್ಬರೂ ಒಂದ್ಸಲ ಮೀಟಿ, ಗೋಡೆಗೆ ಒರಗಿಸಿ."

ಲೋವೆಲ್ ಗೊಣಗುತ್ತ ಮೀಟಿ ಒರಗಿಸಿದ. ಹೈರಮ್ ಕೂಡ ಹಾಗೇ ಮಾಡಿದ. ಐಕಾಕ ಮೀಟಿದ, ಕಣ್ಣು ಮುಚ್ಚಿದ. ಗೋಡೆಯತ್ತ ತಿರುಗುವಷ್ಟರಲ್ಲಿ ಅವನ ಎಡಗೈ ತಾನಾಗಿ ಬಿರಡೆಗಳನ್ನು ತಿರುವಿತು. ಆರು ತಂತಿಗಳೂ ಸಡಿಲಾದವು.

"ಗಿಟಾರು ಎಲ್ಲಿಟ್ಟಿದ್ದೀಯಾ, ಐಕಾಕ?" ಎಂದಳು ಮಾಪುವಾನಾ ಮೆಲ್ಲಗೆ.

ಮುದುಕ ತನ್ನ ಕೈಯನ್ನೇ ದಿಟ್ಟಿಸುತ್ತ ಕೂತ.

"ಕೆಡಿಸೋನು ತಂತಿ ಕತ್ತರಿಸ್ತಾನೆ, ಸಡಿಲಿಸಲ್ಲ," ಎಂದು ಮಾಪುವಾನಾ ವಿವರಿಸಿದಳು. "ಮನೆ ಶ್ರುತಿ ಹೊರಗಿನವರಿಗೆ ಸಿಗಬಾರ್ದು ಅಂತ ಹಳಬರು ಗಿಟಾರು ಕೆಳಗಿಡೋ ಮುಂಚೆ ತಂತಿ ಇಳಿಸ್ತಿದ್ರು. ಲೋವೆಲ್ ಹೊನೊಲುಲುವಿನೋನು, ಗಿಟಾರು ನುಡಿಸೋ ಮನೆಯವನಲ್ಲ. ಹೈರಮ್‌ಗೆ ಡ್ರಮ್ ಬಿಟ್ರೆ ಬೇರೇನೂ ಗೊತ್ತಿಲ್ಲ. ಈ ಅಭ್ಯಾಸ ಇದ್ದೋನು ಒಬ್ಬನೇ."

"ಟಿವಿ ಕ್ಯಾಮೆರಾ ಅವಳ ಬೆರಳಿಗೇ ಇಟ್ಟಿದ್ದಾರೆ," ಎಂದ ಐಕಾಕ. "ಅಪ್ಪನ ಶ್ರುತಿ ಊರಿಗೆಲ್ಲ ಹಂಚಿಹೋಗತ್ತೆ. ಪರದೆ ಹಿಂದಿನ ಪೆಟ್ಟಿಗೇಲಿದೆ, ತಗೋ."

"ನಿಂಗೂ ಮಕ್ಕಳಿಲ್ಲ, ನಂಗೂ ಇಲ್ಲ, ಚಿಕ್ಕಪ್ಪ," ಎಂದಳು ಕಲಿಕೋ. "ನಾವಿಬ್ಬರೂ ಹೋದ್ಮೇಲೆ ತಾತನ ಶ್ರುತೀನ ಯಾರು ನುಡಿಸ್ತಾರೆ?"

ಐಕಾಕ ತಾನೇ ಎದ್ದು ಹೋಗಿ ಪೆಟ್ಟಿಗೆಯಿಂದ ಗಿಟಾರು ತಂದುಕೊಟ್ಟ.

ಅಂದು ಕಲಿಕೋ ಹಾಡಿದ್ದಕ್ಕೆ ನೋಹೇಯಾ ಅತ್ತು ಅತ್ತು ಟಿಕೆಟ್ ಕಟ್ಟನ್ನೇ ಒದ್ದೆ ಮಾಡಿಕೊಂಡಳು. ಕೊನೆಯ ಹಾಡು ಮುಗಿಸಿ ಕಲಿಕೋ ಚಿಕ್ಕಪ್ಪನನ್ನು ವೇದಿಕೆಗೆ ಕರೆದು, ತಂತಿ ಇಳಿಸಲೆಂದು ಗಿಟಾರನ್ನು ಅವನ ಕೈಗಿತ್ತಳು. ಬೆರಳುಗಳು ಬಿರಡೆಯವರೆಗೆ ಹೋಗಿ ನಿಂತವು.

"ಬಿಡು ಮಗಳೇ," ಎಂದ ಐಕಾಕ, "ಹಾಗೇ ಇರ್ಲಿ."

ಅವನು ಗಿಟಾರನ್ನು ಜನರ ಕಡೆಗೆ ತಿರುಗಿಸಿ ಕುರ್ಚಿಯ ಮೇಲಿಟ್ಟ.