ಹುಣ್ಣಾಗದ ಕೈ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಎಂಟೂ ಹತ್ತು. ಇಂಡಸ್ಟ್ರಿಯಲ್ ಏರಿಯಾದ ಠಾಣೆಗೆ ಮಂಗಳೂರಿನಿಂದ ಬಂದು ಈ ಪರದೇಶದಲ್ಲಿ ಪೀಠೋಪಕರಣ ಕಾರ್ಖಾನೆ ನಡೆಸುತ್ತಿದ್ದ ದ್ವಾರಕಾನಾಥ್ ಏದುಸಿರು ಬಿಡುತ್ತಾ ಬಂದರು. ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಬಟ್ಟಲು ಮಾಡುತ್ತಿದ್ದ ಜಪಾನಿ ಮುದುಕ ಹೊಸೊಯಾ ತಲೆಯೊಡೆದು ಬಿದ್ದಿದ್ದ. ಡ್ರೈವರ್ ವಿಠ್ಠಲ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದ.

ಇನ್ಸ್‌ಪೆಕ್ಟರ್ ಮುತೋನಿ ದೂರು ಬರೆದುಕೊಂಡು ಸ್ಥಳಕ್ಕೆ ಹೋದಳು. ಒಂಬತ್ತೂವರೆಗೆ ಪಂಚನಾಮೆ. ಕಲ್ಲಿನ ಕಟ್ಟೆಯ ಅಂಚಿಗೆ ರಕ್ತ. ಮಗುಚಿದ ತೊಟ್ಟಿ, ನೆಲದ ತುಂಬ ಕಂದು ಬಣ್ಣದ ಅಂಟು. ಪ್ರದರ್ಶನಕ್ಕೆಂದು ಜೋಡಿಸಿಟ್ಟ ಹನ್ನೆರಡು ಕರಿ ಬಟ್ಟಲುಗಳಲ್ಲಿ ಒಂದಿಲ್ಲ. ಗೇಟಿನ ಪುಸ್ತಕದಲ್ಲಿ ಹೊರಗಿನವರ ಹೆಸರೂ ಇಲ್ಲ. ಒಳಗಿನವನೇ ಮಾಡಿದ್ದು. ಅವಳು ಕೆಲಸಗಾರರ ಹೆಸರಿನ ಪಟ್ಟಿ ಕೇಳಿ ತೆಗೆದುಕೊಂಡಳು.

ಗುರುವಾರ ಕಾನ್‌ಸ್ಟೆಬಲ್ ಕಿಪ್ರೊಟಿಚ್‌ನ ಕೈ ಊದಿಕೊಂಡಿತು. ಪಂಚನಾಮೆಗೆ ಹೋಗಿದ್ದ ಇನ್ನಿಬ್ಬರಿಗೂ ಬೊಬ್ಬೆ.

"ಆ ಕೋಣೆಗೆ ದೆವ್ವ ಹಿಡಿದಿದೆ ಮೇಡಂ," ಅಂದ ಕಿಪ್ರೊಟಿಚ್.

"ದೆವ್ವ ಅಲ್ಲ, ಉರುಶಿ," ಅಂದರು ಹೇಳಿಕೆ ಕೊಡಲು ಠಾಣೆಗೆ ಬಂದಿದ್ದ ದ್ವಾರಕಾನಾಥ್. ಅವರ ಬೆರಳಿಗೂ ಬ್ಯಾಂಡೇಜು. "ಒಂದು ಮರದ ಹಾಲು. ಅದನ್ನೇ ಬಟ್ಟಲಿಗೆ ಬಳಿಯೋದು. ನಮ್ಮ ಮಂಗಳೂರು ಕಡೆ ಗೇರುಬೀಜದ ಸಿಪ್ಪೆ ಎಣ್ಣೆ ತಾಗಿದ್ರೂ ಹೀಗೇ ಆಗುತ್ತೆ. ಹೊಸೊಯಾಗೇ ಮೈ ಒಗ್ಗೋಕೆ ವರ್ಷಗಟ್ಟಲೆ ಹಿಡೀತಂತೆ."

ಮುತೋನಿ ವಿಠ್ಠಲನನ್ನು ಕರೆಸಿದಳು.

"ಇಲ್ಲಿ ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಕೆಲಸ?"

"ಕಾರು ಓಡಿಸೋದು. ಆ ಬಣ್ಣದ ಗೊಡವೆ ನನಗಿಲ್ಲ."

"ಕೈ ತೋರಿಸು."

ತೋರಿಸಿದ. ಅಂಗೈಯಿಂದ ಮೊಣಕೈವರೆಗೆ ಒಂದು ಗುಳ್ಳೆ ಇಲ್ಲ.

"ಕಿಪ್ರೊಟಿಚ್ ಒಂದು ಬೆರಳು ತಾಗಿಸಿದ. ಈಗ ಉಗಾಲಿ ಮುದ್ದೆ ಮುರಿದು ತಿನ್ನೋಕೂ ಆಗ್ತಿಲ್ಲ. ನೀನು ಅದರಲ್ಲೇ ತೊಯ್ದ ಮುದುಕನನ್ನ ಬರಿಗೈಲಿ ಎತ್ತಿದೀಯ. ನಿನ್ನ ಮೈಗೆ ಅದು ಒಗ್ಗಿಬಿಟ್ಟಿದೆ, ಅಲ್ವಾ?"

ವಿಠ್ಠಲ ಕೈ ಹಿಂದಕ್ಕೆ ಎಳೆದುಕೊಂಡ. ಹನ್ನೊಂದೂ ನಲವತ್ತಕ್ಕೆ ಆಸ್ಪತ್ರೆಯ ಫೋನು: ಹೊಸೊಯಾ ಸತ್ತ. ಅಲ್ಲಿಗೆ ಅದು ಕೊಲೆ ಕೇಸಾಯಿತು.

ಎರಡು ಗಂಟೆಗೆ ಲಂಗಾಟಾ ಬಡಾವಣೆಯಲ್ಲಿ ವಿಠ್ಠಲನ ಬಾಡಿಗೆ ಕೋಣೆಯ ಶೋಧ. ಮಂಚದಡಿ ಮರದ ಪೆಟ್ಟಿಗೆ, ಒಳಗೆಲ್ಲ ಒದ್ದೆ ಬಟ್ಟೆ, ನಡುವೆ ಕರಿ ಬಟ್ಟಲು.

"ಕದ್ದ ಮಾಲನ್ನ ನೀರಲ್ಲಿ ನೆನೆಹಾಕೋ ಪೆದ್ದನ್ನ ಈಗಲೇ ನೋಡಿದ್ದು," ಅಂದ ಕಿಪ್ರೊಟಿಚ್. ಊದದ ಕೈಯಿಂದ ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಎಳೆದ.

"ಬಿಸಿಲಿಗೆ ಬೇಡ," ವಿಠ್ಠಲನ ಬಾಯಿಂದ ಮಾತು ಜಾರಿತು. "ಅದು ತೇವದಲ್ಲೇ ಗಟ್ಟಿಯಾಗೋದು. ಮುಚ್ಚಳ ಹಾಕಿ, ಧೂಳು ಕೂರುತ್ತೆ."

ಮುತೋನಿ ಕೈಗವಸು ಹಾಕಿಕೊಂಡು ಬಟ್ಟಲು ತಿರುವಿದಳು. ತಳದಲ್ಲಿ ಹೊಸೊಯಾನ ಹೆಸರಿನ ಕೆಂಪು ಅಂಕಿತವನ್ನು ಕೆರೆದು ತೆಗೆಯಲಾಗಿತ್ತು. ಅದರ ಮೇಲೆ ಅವಳಿಗೆ ಓದಲು ಬಾರದ ದುಂಡು ಅಕ್ಷರ, ಇನ್ನೂ ಹಸಿ.

"ಏನಿದು?"

"ನನ್ನ ಹೆಸರು. ಕನ್ನಡದಲ್ಲಿ."

ಆರು ವರ್ಷದಿಂದ ಮುದುಕನ ಕೈ ನಡುಗುತ್ತಿತ್ತು. ಹನ್ನೆರಡೂ ಬಟ್ಟಲು ಮಾಡಿದ್ದು ವಿಠ್ಠಲ, ಹೆಸರು ಹೊಸೊಯಾನದು. ಜಗತ್ತಿಗೆ ಅವನು ಡ್ರೈವರ್. ಈ ಒಂದರ ಮೇಲಾದರೂ ನನ್ನ ಹೆಸರಿರಲಿ ಅಂತ ಮಂಗಳವಾರ ಕೇಳಿದ್ದ.

"ನಕ್ಕುಬಿಟ್ರು ಮೇಡಂ. ಡ್ರೈವರ್ ಹೆಸರು ಯಾರು ಓದ್ತಾರೆ ಅಂದ್ರು. ತಳ್ಳಿದೆ. ಕಟ್ಟೆ ಹಿಂದೇನೇ ಇತ್ತು."

"ಆಮೇಲೆ ಎತ್ಕೊಂಡು ಓಡಿದ್ಯಾಕೆ?"

"ಕಲಿಸಿದವರಲ್ವಾ."

ಮೂರೂಕಾಲು ಗಂಟೆಗೆ ವಿಠ್ಠಲನ ಕೈಗೆ ಬೇಡಿ ಬಿತ್ತು. ಮುತೋನಿ ಜಪ್ತಿ ಪಟ್ಟಿ ಬರೆಯಲು ಕೂತಳು. ಬಟ್ಟಲು, ಕಪ್ಪು, ಒಂದು. ಮಾಡಿದವರು ಯಾರು ಅಂತ ಬರೆಯುವ ಕಾಲಂ ಅದರಲ್ಲಿರಲಿಲ್ಲ. ಅಂಚಿನಲ್ಲಿ ಜಾಗ ಮಾಡಿಕೊಂಡು ಅವಳು ಸೇರಿಸಿದಳು: ಮಾಡಿದವನು, ವಿಠ್ಠಲ.