ಹೆಸರು ಹೇಳದ ನಂಬರು

"ಈ ನಂಬರಿನವರು ತೀರಿಕೊಂಡಿದ್ದಾರೆ. ತಾವು ಯಾರು?"

ಫೋನಿಗೆ ಬಂದಿದ್ದ ಈ ಸಂದೇಶವನ್ನು ಮುದುಕನೊಬ್ಬ ಮಂದಾಕಿನಿಯ ಮುಖಕ್ಕೇ ಹಿಡಿದ. ಅವನ ಹೆಸರು ಗುರುಸಿದ್ಧಪ್ಪ. ಒಂದು ಕಾಲಕ್ಕೆ ಬಸ್ ಡ್ರೈವರ್. 'ನಾನು ಗುರುಸಿದ್ಧಪ್ಪ, ಬದುಕಿದ್ದೇನೆ' ಎಂದು ಎಷ್ಟು ಸಲ ಬರೆದು ಕಳಿಸಿದರೂ ಅದೇ ಪ್ರಶ್ನೆ ತಿರುಗಿ ಬರುತ್ತಿತ್ತು.

"ಬಾಯಾರ, ನಾ ಸತ್ತೇನಂತ್ರಿ. ಮುಂಜಾನೆ ಎರಡು ಕಪ್ ಚಾ ಕುಡದು ಬಂದೇನಿ. ಸತ್ತವ್ರು ಚಾ ಕುಡೀತಾರೇನ್ರಿ?"

ಹುಬ್ಬಳ್ಳಿಯ ಆ ಸಹಾಯ ಕೇಂದ್ರಕ್ಕೆ ಮಂದಾಕಿನಿ ಅಂದು ಬಂದದ್ದು ತಾನು ರೂಪಿಸಿದ ಗುರುತಿನ ಯಂತ್ರ ಹೇಗೆ ನಡೆದಿದೆ ಎಂದು ನೋಡಿಹೋಗಲು. ಅದರ ಹೆಸರು ನುಡಿಚಹರೆ. ಹಿಂದೆಲ್ಲ ಯಾವ ಆ್ಯಪ್ ತೆರೆದರೂ ಫೋನಿಗೆ ಆರು ಅಂಕಿಯ ಸಂದೇಶ ಬರುತ್ತಿತ್ತು. ಅಂಕಿ ಹೊಡೆದರೆ ನಂಬರು ನಿಮ್ಮದೇ ಎಂದು ಒಪ್ಪಿಗೆ. ಕಳ್ಳರು ಆ ಅಂಕಿಗಳನ್ನು ದಾರಿಯಲ್ಲೇ ಎಗರಿಸತೊಡಗಿದ ಮೇಲೆ ಮಂದಾಕಿನಿ ಅಂಕಿಗಳನ್ನೇ ಕೈಬಿಟ್ಟಳು. ಈಗ 'ಊಟ ಆಯಿತೇ?' ಎಂಬಂಥ ಒಂದು ಸಣ್ಣ ಪ್ರಶ್ನೆ ಬರುತ್ತದೆ. ಉತ್ತರದಲ್ಲಿ ಯಾವ ಪದ ಮೊದಲು, ಬೆರಳು ಎಲ್ಲಿ ತಡೆಯುತ್ತದೆ, ಯಾವ ಅಕ್ಷರ ಯಾವಾಗಲೂ ತಪ್ಪುತ್ತದೆ ಎಂಬುದರಿಂದ ಯಂತ್ರ ಆಳನ್ನು ಗುರುತಿಸುತ್ತದೆ. ಕಳ್ಳ ಮಾತನ್ನು ಕದಿಯಬಹುದು, ತಡವರಿಕೆಯನ್ನು ಕದಿಯಲಾರ ಎಂದು ಅವಳು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದಳು.

ಅಂಥ ಯಂತ್ರ ಎದುರಿಗೆ ನಿಂತ ಗಟ್ಟಿಮುಟ್ಟಾದ ಮನುಷ್ಯನನ್ನು ಸತ್ತವನೆನ್ನುತ್ತಿತ್ತು. ಸಂಜೆಯೊಳಗೆ ನಂಬರು ಮುಚ್ಚುತ್ತದೆ. ಎಲ್ಲಕ್ಕೂ ನಂಬರೇ ಕೀಲಿಯಾದ ಕಾಲ; ಆಮೇಲೆ ಅವನಿಗೆ ಬಸ್ಸಿನ ಬಾಗಿಲೂ ತೆರೆಯದು, ಮನೆಯ ಬೀಗವೂ ತೆರೆಯದು. ಏನು ಕಾರಣ ಎಂದು ಅವಳು ಯಂತ್ರವನ್ನೇ ಕೇಳಿದಳು. ಪರದೆಯ ಮೇಲೆ ಬಂದ ಉತ್ತರ ಅವಳನ್ನು ಇನ್ನಷ್ಟು ಗೊಂದಲಕ್ಕೆ ಕೆಡವಿತು.

'ಈತ ಮಾತುಮಾತಿಗೆ ಗುರುಸಿದ್ಧಪ್ಪ ಎನ್ನುತ್ತಾನೆ. ಈ ನಂಬರಿನವರು ಮೊದಲ ದಿನದ ಹೊರತು ಆ ಹೆಸರು ಬರೆದವರಲ್ಲ.'

ತನ್ನ ಹೆಸರನ್ನು ತಾನೇ ಬರೆಯದ ಮನುಷ್ಯ ಎಂಥವನು? ಹಳೆಯ ಉತ್ತರಗಳನ್ನು ಓದುವ ಅಧಿಕಾರ ಅವಳಿಗೂ ಇರಲಿಲ್ಲ. ನೋಂದಣಿಯ ದಿನದ ಮೊದಲ ಉತ್ತರವೊಂದನ್ನು ಮಾತ್ರ ತೆರೆಯಬಹುದಿತ್ತು. ತೆರೆದಳು. 'ನಿಮ್ಮ ಹೆಸರು ಬರೆಯಿರಿ' ಎಂಬುದಕ್ಕೆ ಈ ನಂಬರಿನಿಂದ ಬಂದಿದ್ದ ಉತ್ತರ ಹೀಗಿತ್ತು:

'ಅಡಿಗಿಮನಿ ನೆಲುವಿನ್ಯಾಗ ಬೆಲ್ಲದ ಅಚ್ಚು, ಗುರುಸಿದ್ಧಪ್ಪನೋರಿಗೆ ನಾನಂದ್ರ ಹುಚ್ಚು.'

ಕೆಳಗೆ ಯಾವನೋ ಎಂಜಿನಿಯರ್ ಟಿಪ್ಪಣಿ ಹಾಕಿದ್ದ: 'ಬಳಕೆದಾರರು ಕವಿ ಇರಬಹುದು.'

ಮಂದಾಕಿನಿಗೆ ನಗು ಬಂತು, ಬಂದದ್ದು ಅಲ್ಲೇ ನಿಂತಿತು. ಅವಳು ನವಲಗುಂದದಲ್ಲಿ ಬೆಳೆದವಳು. ಮದುವೆಯಾಗಿ ಬಂದ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಒಡಪು ಎಂಬ ಪ್ರಾಸದ ಸಾಲು ಕಟ್ಟಿ, ಮುಂದೆಂದೂ ಬಾಯಿಗೆ ತರಬಾರದ ಗಂಡನ ಹೆಸರು ಹೇಳಿದ ಹೊರತು ಒಳಗೆ ಬಿಡದ ಹೆಂಗಸರನ್ನು ಕಂಡಿದ್ದಳು.

"ಅಜ್ಜಾರ, ನಿಮ್ಮ ಫೋನ್ ಯಾರ ಹತ್ರ ಇರ್ತಿತ್ತು?"

"ನಮ್ಮ ಮನಿಯಾಕಿ ಹತ್ರ. ಸ್ಟೇರಿಂಗ್ ಹಿಡಿಯೋ ಕೈಗೆ ಫೋನ್ ಯಾಕಂತ ಕಸಗೊಂಡಾಕಿ ತಿರುಗಿ ಕೊಡಲೇ ಇಲ್ಲ. ಯಾರ್ ಏನ್ ಕೇಳಿದ್ರೂ ಆಕೀನ ಬರೀತಿದ್ಲು. ಯುಗಾದಿ ಮುಂದ ತೀರ್ಕೊಂಡ್ಲ್ರಿ."

ಯಂತ್ರ ತಪ್ಪು ಹೇಳಿರಲಿಲ್ಲ. ಆ ಮನೆಯಲ್ಲಿ ಒಂದು ಸಾವಾಗಿದೆ ಎಂದು ಪಾಲಿಕೆಯ ದಾಖಲೆ ಹೇಳಿತ್ತು. ಅಂದಿನಿಂದ ಈ ನಂಬರಿನ ಮಾತು ನಿಂತಿತ್ತು. ಎರಡನ್ನೂ ಕೂಡಿಸಿ ಯಂತ್ರ ಸತ್ಯವನ್ನೇ ಹೇಳಿತ್ತು. ನಂಬರಿನ ಮಾಲೀಕನನ್ನು ಗುರುತಿಸುವ ಯಂತ್ರ ಮಾಡಿದ್ದೇನೆಂದು ಮಂದಾಕಿನಿ ಬೀಗಿದ್ದಳು; ಅದು ಗುರುತಿಸಿದ್ದು ಉತ್ತರ ಬರೆಯುವವಳನ್ನು. ಇಂಥ ಮನೆಗಳು ಇನ್ನೆಷ್ಟಿವೆಯೋ ಎಂದು ಅವಳಿಗೆ ಭಯವಾಯಿತು.

ಅವಳು ಒಡಪನ್ನು ಓದಿ ಹೇಳಿದಳು. ಗುರುಸಿದ್ಧಪ್ಪ ಪರದೆಯ ಹತ್ತಿರ ಬಗ್ಗಿದ.

"ಮದುವಿ ದಿನ ಬಾಗಲದಾಗ ನಿಂತು ಇದನ್ನ ಹೇಳಿದ್ಲು. ಆಮ್ಯಾಲ ಒಮ್ಮೆನೂ ನನ್ನ ಹೆಸರು ಆಕಿ ಬಾಯಾಗ ಬರ್ಲಿಲ್ಲ. ನಿಮ್ಮ ಮಿಷನ್ನಿಗೆ ಹೇಳ್ಯಾಳಲ್ರಿ."

"ಹಳೇ ಚಹರೆ ಅಳಿಸಿದ್ರ ನಂಬರ್ ನಿಮ್ಮ ಹೆಸರಿಗೆ ಆಗ್ತದ."

"ಅಳಿಸಿದ್ರ ಆಕಿ?"

"ಆಮ್ಯಾಲ ಯಂತ್ರಕ್ಕ ಅವ್ರ ಗುರುತು ಸಿಗೂದಿಲ್ರಿ."

ಅವನು ಫೋನನ್ನು ಅಂಗಿಯ ಜೇಬಿಗಿಟ್ಟುಕೊಂಡು ಮೇಲೆ ಕೈ ಮುಚ್ಚಿದ. "ಬ್ಯಾಡ್ರಿ. ಆಕಿ ಇದ್ದಂಗ ಇರ್ಲಿ. ಸತ್ತಾಂವ ನಾನೇ ಅಂತ ಬರಕೋರಿ. ನನಗ ಹೊಸಾ ನಂಬರ್ ಕೊಡ್ರಿ."

"ಮುಚ್ಚಿದ ನಂಬರಿನ್ಯಾಗ ಅವ್ರ ಚಹರೆ ಹಂಗ ಉಳೀತದ. ಆದ್ರ ಹೊಸಾ ನಂಬರ್ ಅಂದ್ರ ಈಗ ಹುಟ್ಟಿದಂಗ. ಬಸ್ಸಿನ ಬಾಗಲಕ್ಕೂ ಮೊದಲಿಂದ ಪರಿಚಯ ಹೇಳಬೇಕು."

"ಹೇಳ್ತೇನ್ರಿ. ನನಗೇನ್ ಕೆಲಸ ಐತಿ?"

ಹೊಸ ನಂಬರು ಬರುವವರೆಗೆ ಕಾಯುವಾಗ ಮಂದಾಕಿನಿಗೆ ತನ್ನ ಬಾಲ್ಯದ ಮನೆ ನೆನಪಾಯಿತು. ಅಪ್ಪನ ನಂಬರಿಗೆ ಬಂದ ಆರು ಅಂಕಿಯನ್ನು ಅವ್ವ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ಒಳಗಿನಿಂದ ಕೂಗುತ್ತಿದ್ದಳು. ಅಪ್ಪ ಪಡಸಾಲೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಹೊಡೆಯುತ್ತಿದ್ದ. ಅಪ್ಪನ ಗುರುತು ಖಚಿತವಾಯಿತೆಂದು ಆಗಿನ ಯಂತ್ರ ಒಪ್ಪುತ್ತಿತ್ತು. ಕೂಗಿದವರು ಯಾರೆಂದು ಅದು ಕೇಳಲಿಲ್ಲ, ಮನೆಯವರೂ ಕೇಳಲಿಲ್ಲ.

ಹೊಸ ನಂಬರಿಗೆ ಮೊದಲ ಸಂದೇಶ ಬಂತು: 'ನಿಮ್ಮ ಹೆಸರು ಬರೆಯಿರಿ.'

ಗುರುಸಿದ್ಧಪ್ಪ ಒಂದೇ ಬೆರಳಲ್ಲಿ, ತಡೆತಡೆದು, ಅಳಿಸಿ ಮತ್ತೆ ಬರೆದ. ಯಂತ್ರ ಆ ತಡವರಿಕೆಯನ್ನೆಲ್ಲ ಕಲಿಯುತ್ತಿತ್ತು. ಮಂದಾಕಿನಿ ಬಗ್ಗಿ ನೋಡಿದಳು. 'ನೀಲಗಂಗವ್ವನ ಗಂಡ' ಎಂದಿತ್ತು.

"ನಾನೂ ಆಕಿ ಹೆಸರು ಹಿಡದು ಎಂದೂ ಕರದಿರ್ಲಿಲ್ರಿ" ಎಂದು ಅವನು ಗುಂಡಿ ಒತ್ತಿದ.